ನನ್ನ ಗಂಡನ ಬಣ ಸೋತ ಶುಕ್ರವಾರ

ನನ್ನ ಗಂಡ ಬಹ್ರೇನಿನಲ್ಲಿ ನಮ್ಮ ಕರಾವಳಿಯವರ ಸಂಘದ ಅಧ್ಯಕ್ಷರಾಗಿದ್ದಾಗ ಒಂದು ನಿಯಮ ತಂದರು: ಶುಕ್ರವಾರ ಸಭಾಂಗಣ ಕುಟುಂಬದವರಿಗೆ ಮಾತ್ರ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಇಲ್ಲಿ ಒಂಟಿಯಾಗಿ ದುಡಿಯುವ ಸದಸ್ಯರು, ಇಲ್ಲಿಯ ಮಾತಿನಲ್ಲಿ ‘ಬ್ಯಾಚುಲರ್ಸ್’, ಬೇರೆ ದಿನ ಬರಬೇಕು. ಅವರಿಗೆ ರಜೆ ಇರುವುದು ಶುಕ್ರವಾರ ಒಂದೇ ಎಂದು ಎಲ್ಲರಿಗೂ ಗೊತ್ತಿತ್ತು.

“ಹೆಂಗಸರು ಮಕ್ಕಳು ಆರಾಮಲ್ಲಿ ಕೂತ್ಕೊಳ್ಳಿಕ್ಕೆ ಆಗ್ಬೇಕಲ್ಲ,” ಎಂದರು ಅವರು. ಆ ಹೆಂಗಸರಲ್ಲಿ ಒಬ್ಬಳಾದ ನನ್ನನ್ನು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ನಿಯಮ ಬಂದ ಮೊದಲ ಶುಕ್ರವಾರವೇ ಬಾಗಿಲಲ್ಲಿ ಒಬ್ಬ ಬ್ಯಾರಿ ಡ್ರೈವರನ್ನು ತಡೆದರು. ಉಳ್ಳಾಲದ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ನಾನು ನರ್ಸಾಗಿದ್ದ ಆಸ್ಪತ್ರೆಯ ವ್ಯಾನ್ ಓಡಿಸುತ್ತಿದ್ದರು. ಮಗಳು ಹುಟ್ಟುವ ದಿನ ಗಂಡ ಕೆಲಸದ ಮೇಲೆ ಸೌದಿಯ ದಮ್ಮಾಮಿಗೆ ಹೋಗಿದ್ದಾಗ, ಉಮ್ ಅಲ್ ಹಸ್ಸಮ್‌ನ ನಮ್ಮ ಮನೆಯಿಂದ ನನ್ನನ್ನು ಹೆರಿಗೆಗೆ ಆಸ್ಪತ್ರೆ ಮುಟ್ಟಿಸಿದವರು ಇವರೇ. ಬಾಗಿಲಲ್ಲಿ ಅವರು ವಾದ ಮಾಡಲಿಲ್ಲ. ಒಳಗೆ ಊಟದ ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ಕಂಡು, ತಲೆಯಾಡಿಸಿ ಹೊರಟುಹೋದರು. ನಾನು ಊಟ ಮುಗಿಸಿದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಸಮಿತಿಯ ಅವಧಿ ಎರಡು ವರ್ಷ. ನಡುವೆ, ಒಂದು ವರ್ಷ ತುಂಬಿದಾಗ, ಹನ್ನೊಂದರಲ್ಲಿ ಆರು ಸ್ಥಾನಗಳಿಗೆ ಮಧ್ಯಂತರ ಚುನಾವಣೆ, ಅದೂ ಶುಕ್ರವಾರ; ಓಟಿಗೆ ಮಾತ್ರ ಎಲ್ಲ ಸದಸ್ಯರೂ ಬರಬಹುದಿತ್ತು. ಅಧ್ಯಕ್ಷರ ಸ್ಥಾನ ಅದರಲ್ಲಿ ಸೇರಿರಲಿಲ್ಲ. ಆದರೆ ಅವರ ಬಣದಿಂದ ನಿಂತ ಆರು ಮಂದಿಯನ್ನೂ ಆರಿಸಿದ್ದು ಗಂಡನೇ. ಎದುರು ಬಣದವರು ಆ ನಿಯಮ ತೆಗೆಯುತ್ತೇವೆ ಎಂದು ನಿಂತಿದ್ದರು.

“ಬ್ಯಾಚುಲರ್ಸ್ ಓಟಿಗೆ ಬರ್ಲಿಕ್ಕಿಲ್ಲ,” ಎಂದು ಚುನಾವಣೆಯ ದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತ ಹೇಳಿದರು. “ರಜೆ ದಿನ ನಿದ್ದೆ ಮಾಡ್ತಾರೆ.”

ಜುಮಾ ನಮಾಜು ಮುಗಿದು ಸ್ವಲ್ಪ ಹೊತ್ತಿಗೆ ಮುಹರ್ರಕ್ ಕಡೆಯ ಕೆಲಸಗಾರರ ಕ್ಯಾಂಪುಗಳಿಂದ ಎರಡು ಬಸ್ಸು ಬಂದು ನಿಂತವು. ಇಳಿದವರೆಲ್ಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಗಲಾಟೆಯಿಲ್ಲದೆ ಸಾಲು ಹಿಡಿದರು. ಸಾಲಿನ ಮುಂದೆ ಅದೇ ಡ್ರೈವರ್. ನಾನು ಆಗಷ್ಟೇ ಸಹಿ ಹಾಕಿ ಮತಪತ್ರ ಕೈಗೆ ತೆಗೆದುಕೊಂಡಿದ್ದೆ.

ಗಂಡ ಬೇಗ ಬೇಗ ನಡೆದು ಚುನಾವಣಾಧಿಕಾರಿಯ ಮೇಜಿಗೆ ಬಂದರು. ಅಧಿಕಾರಿ ಎಂದರೆ ನಮ್ಮ ಸಂಘದವರೇ, ನಿವೃತ್ತ ಶಾಲಾ ಮಾಸ್ತರರು.

“ಸರ್, ಒರಿಜಿನಲ್ ಸಿಪಿಆರ್ ಇಲ್ಲದವರಿಗೆ ಓಟಿಲ್ಲ ಅಂತ ಹೇಳಿಬಿಡಿ.”

ಸಿಪಿಆರ್ ಎಂದರೆ ಇಲ್ಲಿಯ ಗುರುತಿನ ಚೀಟಿ. ಕ್ಯಾಂಪಿನಲ್ಲಿರುವ ಎಷ್ಟೋ ಜನರದ್ದು ವೀಸಾ ಕೆಲಸಕ್ಕೆಂದು ಕಂಪನಿ ಆಫೀಸಿನಲ್ಲಿ ಉಳಿದಿರುತ್ತದೆ. ಗಂಡನಿಗೆ ಅದು ಚೆನ್ನಾಗಿ ಗೊತ್ತು. ಸಾಲಿನಲ್ಲಿ ಹಿಂದಿನಿಂದ ಗೊಣಗಾಟ ಎದ್ದಿತು. ಮಾಸ್ತರರು ಪೆನ್ನು ಕೆಳಗಿಟ್ಟರು. ಡ್ರೈವರ್ ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದರು.

“ಸರ್, ನಾನೀಗ ತೋರಿಸಿದ್ದು ಮೆಂಬರ್‌ಶಿಪ್ ಕಾರ್ಡ್,” ಎಂದೆ. “ನನ್ನ ಸಿಪಿಆರ್ ಯಾರೂ ಕೇಳ್ಲಿಲ್ಲ.”

“ನೀನು ಸುಮ್ನಿರು,” ಎಂದರು ಗಂಡ, ತುಟಿ ಅಲ್ಲಾಡದ ಹಾಗೆ, ನಮ್ಮ ಮನೆಮಾತು ಕೊಂಕಣಿಯಲ್ಲಿ.

ನಾನು ಕನ್ನಡದಲ್ಲೇ ಹೇಳಿದೆ. “ಅವರ ಹತ್ರ ಕೇಳುದಾದ್ರೆ ನನ್ನ ಓಟೂ ಕ್ಯಾನ್ಸಲ್ ಮಾಡಿ. ಬೆಳಿಗ್ಗೆಯಿಂದ ಹಾಕಿದವರದ್ದೂ ಮಾಡಿ.”

ಮಾಸ್ತರರು ನಿಯಮಾವಳಿಯ ಪುಸ್ತಕ ತೆರೆದು, ಕನ್ನಡಕ ಏರಿಸಿ ಓದಿದರು.

“ಇದ್ರಲ್ಲಿ ಮೆಂಬರ್‌ಶಿಪ್ ಕಾರ್ಡ್ ಅಂತ ಉಂಟು. ಅಷ್ಟು ಸಾಕು. ಮುಂದಿನವರು ಬನ್ನಿ.”

ಸಂಜೆ ಎಣಿಕೆಯ ಹೊತ್ತಿಗೆ ಗಂಡ ನನ್ನಿಂದ ಎರಡು ಕುರ್ಚಿ ಬಿಟ್ಟು ಕೂತರು. ಆರಕ್ಕೆ ಆರೂ ಸ್ಥಾನ ಹೋದವು. ಎರಡು ಬಸ್ಸಿನ ಓಟು ಮಾತ್ರ ಅಷ್ಟು ಅಂತರ ತರಲಾರದು. ಶುಕ್ರವಾರ ಮಧ್ಯಾಹ್ನ ನಮ್ಮ ಪಕ್ಕದಲ್ಲಿ ಕೂತು ಬಿರಿಯಾನಿ ತಿಂದು, ಅಧ್ಯಕ್ಷರ ಕೈ ಕುಲುಕಿ ಹೋಗುತ್ತಿದ್ದ ಮನೆಗಳೇ ಸದ್ದಿಲ್ಲದೆ ತಿರುಗಿಬಿದ್ದಿದ್ದವು. ಒಂದೊಂದು ಹೆಸರು ಓದಿದಾಗಲೂ ಗಂಡ ಹಿಂತಿರುಗಿ ಯಾರದೋ ಮುಖ ಹುಡುಕುತ್ತಿದ್ದರು.

ಕಾರಿನಲ್ಲಿ ಕೇಳಿದರು, “ನೀನೂ ಅವರಿಗೇ ಹಾಕಿದ್ದಾ?”

“ಹೌದು.”

ಸಿಗ್ನಲ್ ಹಸಿರಾದರೂ ಗಾಡಿ ಮುಂದೆ ಹೋಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

“ಮನೇಲಿ ಹೇಳ್ಬಹುದಿತ್ತಲ್ಲ.”

“ಹೇಳ್ಬೇಕಿತ್ತು. ಅದು ನನ್ನ ತಪ್ಪೇ.”

ಹೊಸ ಸಮಿತಿ ಮೊದಲ ಸಭೆಯಲ್ಲೇ ಆ ನಿಯಮ ರದ್ದು ಮಾಡಿತು. ಅಧ್ಯಕ್ಷರಾದ್ದರಿಂದ ನಿರ್ಣಯವನ್ನು ಗಂಡನೇ ಓದಿ ಹೇಳಬೇಕಾಯಿತು. ಹಿಂದೆ ಕೂತವರು ಕೇಳಿಸಲಿಲ್ಲ ಎಂದಾಗ ಎರಡನೆಯ ಸಲವೂ ಓದಿದರು.

ನಾನು ಡ್ರೈವರನ್ನು ಊಟಕ್ಕೆ ಕರೆದೆ. “ಬರ್ತೇನೆ ಸಿಸ್ಟರ್,” ಎಂದರು. ಬರಲಿಲ್ಲ. ಒಂದು ಮಧ್ಯಾಹ್ನ ವಾರ್ಡಿನ ಕಿಟಕಿಯಿಂದ ನೋಡಿದರೆ, ಗಂಡ ಆಸ್ಪತ್ರೆಯ ವ್ಯಾನಿನ ಬಳಿ ಅವರೆದುರು ನಿಂತಿದ್ದರು. ತುಂಬ ಹೊತ್ತು ಮಾತಾಡಿದರು. ಏನೆಂದು ಇಬ್ಬರೂ ನನಗೆ ಹೇಳಲಿಲ್ಲ. ಉಳಿದ ವರ್ಷವನ್ನು ಗಂಡ ಬಹುಮತವಿಲ್ಲದ ಅಧ್ಯಕ್ಷರಾಗಿಯೇ ಮುಗಿಸಿದರು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.