ಎರಡು ಬಾಲದ ಚೀಟಿ

ವಡೋದರಾದ ಮಂಜಲ್‌ಪುರದ ಎರಡನೇ ಮಹಡಿಯ ಮನೆಯಲ್ಲಿ ಸುಲೋಚನಾ ಮೊದಲ ಬಾಕ್ಸಿನ ಟೇಪು ಕಿತ್ತಾಗ ಮೇಲೆಯೇ ಸಿಕ್ಕಿದ್ದು ಒಂದು ಕಿವಿ ಮುರಿದ ಬಾಣಲೆ. ಅದರ ಕೆಳಗೆ ಅಂಚು ಒಡೆದ ಐದು ಟೀ ಕಪ್ಪು, ಸವೆದ ಕಾಲೊರಸು, ಮೂಲೆ ಸೀಳಿದ ಕೇರಂ ಬೋರ್ಡು. ಎರಡನೇ ಬಾಕ್ಸು ತೆರೆದರು. ಹಳೇ ಪರದೆಗಳು. ಮೂರನೆಯದನ್ನು ತೆರೆಯಲಿಲ್ಲ. ಬಾಕ್ಸಿನ ಮೈಮೇಲೆ ತಾವೇ ಬರೆದಿದ್ದ ಚೀಟಿಯನ್ನು ಓದಿದರು. ‘ಬೇಡ.’

ಮಂಚ, ಬೀರುವಿನ ಜೊತೆ ಲಾರಿಯಲ್ಲಿ ಒಂಬತ್ತು ಬಾಕ್ಸು ಬಂದಿದ್ದವು. ಒಂಬತ್ತರ ಮೇಲೂ ‘ಬೇಡ.’

“ಮೇದಿನೀ,” ಎಂದು ಮಗಳನ್ನು ಕರೆದರು. “ಮಿಕ್ಕಿದ್ದು ಎಲ್ಲಿ?”

“ಯಾವ ಮಿಕ್ಕಿದ್ದು? ಅದನ್ನ ಮಂಗುಬೆನ್‌ಗೆ ಕೊಟ್ಟೆನಲ್ಲ,” ಎಂದು ಮೇದಿನಿ ಅಡುಗೆಮನೆ ಕಟ್ಟೆಯ ಮೇಲಿದ್ದ ಮೂರು ಹೊಸ ಸ್ಟೀಲ್ ಡಬ್ಬಿಗಳನ್ನು ತೋರಿಸಿದಳು. “ಬದಲಿಗೆ ಇದು ಕೊಟ್ಟರು.”

ಮಂಗುಬೆನ್ ಎಂದರೆ ಅಹಮದಾಬಾದಿನ ಮಣಿನಗರದಲ್ಲಿ ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದ ಹೆಂಗಸು. ಹಳೇ ಬಟ್ಟೆ, ಹಳೇ ಸಾಮಾನು ಕೊಟ್ಟರೆ ಬದಲಿಗೆ ಸ್ಟೀಲ್ ಪಾತ್ರೆ ಕೊಡುತ್ತಾಳೆ. ಪಡೆದದ್ದನ್ನು ರಿಪೇರಿ ಮಾಡಿ, ಒಗೆದು, ಸಾಬರಮತಿ ದಂಡೆಯ ಭಾನುವಾರದ ಸಂತೆಯಲ್ಲಿ ಮಾರುತ್ತಾಳೆ. ಮಣಿನಗರದಲ್ಲಿದ್ದ ಐದು ವರ್ಷವೂ ಸುಲೋಚನಾ ಆಕೆಯ ಗಿರಾಕಿ. ‘ಬೇಡ’ ಎಂದು ಬರೆದ ಒಂಬತ್ತು ಬಾಕ್ಸು ಆಕೆಗೆ, ‘ಬೇಕು’ ಎಂದು ಬರೆದ ಹದಿನಾಲ್ಕು ಲಾರಿಗೆ ಎಂಬುದು ಲೆಕ್ಕವಾಗಿತ್ತು.

ಗಂಡ ಲಿಂಗರಾಜ ವಿಮಾ ಕಂಪನಿಯ ನೌಕರರು. ವರ್ಗವಾಗಿ ತಿಂಗಳ ಮೊದಲೇ ವಡೋದರಾ ಸೇರಿದ್ದರು. ಹೊಸ ಮನೆಯಲ್ಲಿ ಹಾಲುಕ್ಕಿಸಬೇಕೆಂದು ಸುಲೋಚನಾ ಒಲೆ, ಒಂದು ಪಾತ್ರೆ, ಎರಡು ಸೌಟು ಹಿಡಿದು ಬೆಳಗಿನ ರೈಲು ಹತ್ತಿದ್ದರು. ಸಾಮಾನು ತುಂಬಿಸುವ ಜವಾಬ್ದಾರಿ ಇಪ್ಪತ್ತೆರಡರ ಮೇದಿನಿಯದು. ರಾಜಕೋಟ್, ಅಹಮದಾಬಾದುಗಳಲ್ಲಿ ಬೆಳೆದ ಹುಡುಗಿ. ಮನೆಯ ಕನ್ನಡ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಅದು ಗೊತ್ತಿದ್ದೇ ಸುಲೋಚನಾ ಹೊರಡುವಾಗ ಒಂದು ಗುರುತು ಹೇಳಿಕೊಟ್ಟಿದ್ದರು: ‘ಬಾಲ ಇರೋದು ಬರುತ್ತೆ, ಬಾಲ ಇಲ್ಲದ್ದು ಮಂಗುಬೆನ್‌ಗೆ.’ ಅವರ ಮನಸ್ಸಿನಲ್ಲಿದ್ದದ್ದು ‘ಕು’ವಿನ ಕೊಂಬು.

“ಎರಡರಲ್ಲೂ ಬಾಲ ಇತ್ತಮ್ಮ,” ಎಂದಳು ಮೇದಿನಿ, ಅಳು ಬಂದಿತ್ತು. “ನೀನೇ ನೋಡು. ‘ಬೇ’ಗೇ ಒಂದು ಬಾಲ ಇದೆ. ಫೋನ್ ಮಾಡಿದೆ, ನಿನಗೆ ನೆಟ್‌ವರ್ಕ್ ಇರಲಿಲ್ಲ. ಒಂದರಲ್ಲಿ ಒಂದು ಬಾಲ, ಇನ್ನೊಂದರಲ್ಲಿ ಎರಡು. ನೀನು ಒಂದೇ ಬಾಲ ಹೇಳಿದ್ದೆ. ಎರಡಿರೋದು ಎಕ್ಸ್‌ಟ್ರಾ ಅಂದ್ಕೊಂಡೆ.”

ಸುಲೋಚನಾ ಚೀಟಿಯನ್ನು ಮತ್ತೆ ನೋಡಿದರು. ಐವತ್ನಾಲ್ಕು ವರ್ಷದಲ್ಲಿ ಮೊದಲ ಸಲ ‘ಬೇ’ಯ ದೀರ್ಘ ಅವರಿಗೆ ಬಾಲದ ಹಾಗೆ ಕಂಡಿತು.

ಸಂಜೆ ಮೇದಿನಿಯೇ ಮಂಗುಬೆನ್‌ಗೆ ಫೋನ್ ಹಚ್ಚಿ ಗುಜರಾತಿಯಲ್ಲಿ ಮಾತಾಡಿದಳು, ಮುಗಿಸಿ ಕನ್ನಡದಲ್ಲಿ ಹೇಳಿದಳು. ಮಂಗುಬೆನ್ ಬಾಕ್ಸುಗಳನ್ನು ಇನ್ನೂ ಮಾರಿರಲಿಲ್ಲ. ಒಂದನ್ನು ತೆರೆದು ನೋಡಿದ್ದಳು. ಸೀಟಿ ಸಮೇತ ಕುಕ್ಕರು, ಚೆನ್ನಾಗಿ ಓಡುವ ಮಿಕ್ಸರು. “ಇಷ್ಟು ಒಳ್ಳೇ ಸಾಮಾನು ಕೊಟ್ಟಿದ್ದಾರೆ ಅಂದ್ರೆ ಮನೇಲಿ ಯಾರೋ ಹೋಗಿರಬೇಕು ಅಂದ್ಕೊಂಡಳಂತೆ.” ಸಾವಿನ ಮನೆಯ ಸಾಮಾನನ್ನು ಆಕೆ ಮೂರು ಭಾನುವಾರ ಸಂತೆಗೆ ಒಯ್ಯುವುದಿಲ್ಲ, ಮನೆಯವರು ಯಾವುದಾದರೊಂದಕ್ಕೆ ಅಳುತ್ತ ವಾಪಸು ಬರುವುದುಂಟು. ನಾಲ್ಕನೇ ಭಾನುವಾರದೊಳಗೆ ಬಂದರೆ ಸಿಗುತ್ತದೆ. ಡಬ್ಬಿ ಹಿಂದಕ್ಕೆ ಕೊಡಬೇಕು.

“ನಾಳೆಯೇ ಟೆಂಪೋ ಮಾಡಿ ತರಿಸೋಣ,” ಎಂದರು ಲಿಂಗರಾಜ.

“ತಾಳಿ,” ಎಂದರು ಸುಲೋಚನಾ. “ಏನೇನಿತ್ತು ಅಂತ ಮೊದಲು ಬರೀತೀನಿ. ಎಣಿಸಿಕೊಂಡು ತರಬೇಕಲ್ಲ.”

ಕ್ಯಾಲೆಂಡರಿನ ಹಿಂದೆ ಬರೆಯಲು ಕೂತರು. ಹದಿನಾಲ್ಕು ಬಾಕ್ಸನ್ನೂ ವಾರದ ಹಿಂದೆ ತಾವೇ ಕೈಯಾರೆ ತುಂಬಿದ್ದು. ಮೂವತ್ತೊಂದು ಹೆಸರಿಗೆ ಪೆನ್ನು ನಿಂತಿತು. ಕಾಫಿ ಕುಡಿದು ಬಂದು ಮತ್ತೆ ಕೂತರು. ಮೂವತ್ತೆರಡನೆಯದು ಹೊಳೆಯಲಿಲ್ಲ.

ಟೆಂಪೋ ಮಾಡುವುದು ಮುಂದಕ್ಕೆ ಹೋದದ್ದು ಈ ಕಾರಣಕ್ಕೆ. ಹದಿನಾಲ್ಕು ಬಾಕ್ಸಿನಲ್ಲಿ ಮೂವತ್ತೊಂದೇ ಸಾಮಾನು ಇರಲು ಸಾಧ್ಯವಿಲ್ಲ. ಹಾಗಾದರೆ ಉಳಿದದ್ದೇನು? ಹೆಸರೂ ನೆನಪಿಲ್ಲದ್ದನ್ನು ಏಳು ವರ್ಗಾವಣೆಯಲ್ಲಿ ಹೊತ್ತು ತಿರುಗಿದವರು ಯಾರು? ತಿಪಟೂರಿನಿಂದ ಮದುವೆಯಾಗಿ ಹೊರಟಾಗ ಅವರ ಸಂಸಾರ ಎರಡು ಟ್ರಂಕಿನಲ್ಲಿ ಹಿಡಿದಿತ್ತು. ಅದು ಯಾವ ಊರಿನಲ್ಲಿ ಲಾರಿಯಷ್ಟಾಯಿತು? ಸುಲೋಚನಾಗೆ ನಿಜಕ್ಕೂ ತಿಳಿಯಬೇಕೆನ್ನಿಸಿತು. ಇನ್ನು ಮೇಲೆ ಹುಡುಕಿ ಸಿಗದೆ ಕೈ ಬರಿದಾದಾಗಲೆಲ್ಲ ಆ ಸಾಮಾನಿನ ಹೆಸರನ್ನು ಹೊಸದೊಂದು ಪಟ್ಟಿಯಲ್ಲಿ ಬರೆಯುವುದು, ಮೂರು ವಾರ ಕಳೆದ ಮೇಲೆ ಬರೆದಷ್ಟನ್ನು ಮಾತ್ರ ತರುವುದು, ಉಳಿದದ್ದು ಮಂಗುಬೆನ್‌ಗೇ ಬಿಡುವುದು ಎಂದು ಮನೆಯಲ್ಲಿ ಹೇಳಿದರು.

“ಇದು ನನಗೆ ಶಿಕ್ಷೆನಾ?” ಎಂದಳು ಮೇದಿನಿ.

“ನಿನಗಲ್ಲ ಕಣೆ. ನನಗೆ ಕುತೂಹಲ.”

ಮೊದಲ ದಿನವೇ ಚಟ್ನಿಗೆ ಮಿಕ್ಸರು ಬರೆಯಬೇಕಾಯಿತು. ದೀಪಾವಳಿಗೆ ತಿಂಗಳಿತ್ತು, ಲಿಂಗರಾಜರ ಫೋನಿಗೆ ಗಂಟೆಗೊಂದು ಸೇಲಿನ ಸಂದೇಶ ಬರುತ್ತಿತ್ತು. “ನೋಡೇ, ಈಗ ಒತ್ತಿದರೆ ನಾಳೆ ಬೆಳಿಗ್ಗೆ ಮಿಕ್ಸರು ಬಾಗಿಲಲ್ಲಿರುತ್ತೆ. ನಿನ್ನ ಹಳೇದಕ್ಕಿಂತ ಮೂರು ಬ್ಲೇಡು ಜಾಸ್ತಿ.”

“ಮೂರು ಬ್ಲೇಡಲ್ಲಿ ಏನು ರುಬ್ಬಬೇಕು ನೀವು?”

“ರುಬ್ಬೋದು ನೀನಲ್ವಾ? ನಾನು ತಿನ್ನೋನು.”

ಪಕ್ಕದ ಮನೆಯಿಂದ ಕುಟ್ಟಾಣಿ ತಂದು ಕುಟ್ಟಿದರು. ಆ ಮೂರು ವಾರದಲ್ಲಿ ಮಿಕ್ಸರಿಲ್ಲದ ಕಾರಣಕ್ಕೆ ಸುಲೋಚನಾರ ಸಂತೋಷ ಹೆಚ್ಚಿತೆಂದು ಹೇಳುವಂತಿಲ್ಲ. ಬಲಗೈಯ ನೋವು ಹೆಚ್ಚಿತು. ಕುಕ್ಕರಿನ ಕಥೆಯೂ ಅದೇ. ಆದರೆ ಹನ್ನೆರಡು ಮಂದಿಯ ಊಟದ ಸೆಟ್ಟು, ಮೂರನೇ ಇಡ್ಲಿ ಪಾತ್ರೆ, ಜಾಗವಿಲ್ಲದೆ ಮಂಚದಡಿ ಮಲಗಿದ್ದ ವ್ಯಾಕ್ಯೂಮ್ ಕ್ಲೀನರು ಇವುಗಳ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಗೋಡೆಗೆ ತಾಗಿದ ಶೆಲ್ಫುಗಳು ಖಾಲಿಯಿದ್ದವು. ಕಸ ಗುಡಿಸಲು ಹತ್ತು ನಿಮಿಷ ಸಾಕಾಗುತ್ತಿತ್ತು. ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಮೊದಮೊದಲು ಅವರು ಮತ್ತೊಮ್ಮೆ ಗುಡಿಸುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮೇದಿನಿ ಕೇರಂ ಬೋರ್ಡಿನ ಸೀಳಿದ ಮೂಲೆಗೆ ಅಪ್ಪನ ಕಾಲುಚೀಲ ಕಟ್ಟಿದಳು. ಆಡುತ್ತ ಲಿಂಗರಾಜ ಮೂರು ಸಲ ಮೋಸ ಮಾಡಿ ಮೂರು ಸಲವೂ ಸಿಕ್ಕಿಬಿದ್ದರು. ಸುಲೋಚನಾ ಅಂಚು ಒಡೆದ ಕಪ್ಪಿನಲ್ಲಿ ಟೀ ಕೊಟ್ಟರು. ಲಿಂಗರಾಜರ ತುಟಿ ಕೊಯ್ದಿತು. ‘ಕಪ್ಪು’ ಎಂದು ಕ್ಯಾಲೆಂಡರಿನ ಹಿಂದೆ ಬರೆದರು.

ವಿಷಯ ಸೂರತ್ತಿಗೂ ಮುಟ್ಟಿತು. ಲಿಂಗರಾಜರ ಅಕ್ಕ ಗಿರಿಜಮ್ಮ ಇರುವುದು ಕತಾರ್‌ಗಾಮಿನಲ್ಲಿ, ಸೀರೆ ಕಾರ್ಖಾನೆಗಳ ನಡುವೆ. ಮೂರನೇ ದಿನಕ್ಕೆ ಆಕೆಯಿಂದ ಹನ್ನೆರಡು ಸೀರೆಯ ಪಾರ್ಸೆಲು ಬಂತು.

“ಅತ್ತಿಗೆ, ಬಾಕ್ಸಲ್ಲಿ ಹೋಗಿದ್ದು ಪಾತ್ರೆಪಗಡ. ನನ್ನ ಸೀರೆ ಎಲ್ಲಾ ಬೀರುವಲ್ಲೇ ಇವೆ,” ಎಂದರು ಸುಲೋಚನಾ ಫೋನಿನಲ್ಲಿ.

“ಇರಲಿ ಬಿಡೇ. ಇಲ್ಲಿ ಸೀರೆ ಅಂದ್ರೆ ನೀರು ಇದ್ದ ಹಾಗೆ. ಕೆಳಗಡೆ ಇಳಿದರೆ ಸೀರೆ, ಮೇಲೆ ಹತ್ತಿದರೆ ಸೀರೆ.”

“ನಿಮ್ಮ ಹತ್ತಿರ ಎಷ್ಟಿವೆ?”

“ಯಾರು ನೋಡಿದಾರೆ?” ಗಿರಿಜಮ್ಮ ದನಿ ತಗ್ಗಿಸಿದರು. “ಒಂದು ಮಾತು ಹೇಳ್ತೀನಿ, ನಗಬೇಡ. ನನ್ನ ಮದುವೆಯಲ್ಲಿ ಐದು ಸೀರೆ ಕೊಟ್ಟಿದ್ರು. ಐದರದ್ದೂ ಅಂಚು ಯಾವುದು ಅಂತ ಈಗಲೂ ಹೇಳ್ತೀನಿ. ಹೋದ ತಿಂಗಳು ತಗೊಂಡಿದ್ದು ಯಾವ ಬಣ್ಣ ಕೇಳು, ಗೊತ್ತಿಲ್ಲ.”

“ಹಾಗಾದ್ರೆ ಯಾಕೆ ತಗೊಳ್ತೀರಿ?”

“ಅಂಗಡಿಯೋನು ಬಿಚ್ಚಿ ಹರಡ್ತಾನಲ್ಲ, ಆಗ ಚೆನ್ನಾಗಿರುತ್ತೆ ಕಣೆ. ಮಡಿಸಿದ ಮೇಲೆ ಅದು ಹೋಗಿಬಿಡುತ್ತೆ. ನಿನಗೆ ಹಾಗಾಗಲ್ವಾ?”

ಸುಲೋಚನಾಗೆ ಆಗುವುದು ಬೇರೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಊರು, ನೆರೆಹೊರೆ, ತರಕಾರಿಯವನ ಭಾಷೆ ಎಲ್ಲ ಬದಲಾಗುತ್ತಿತ್ತು. ಹೊಸ ಮನೆಯಲ್ಲಿ ಬಾಕ್ಸು ಬಿಚ್ಚಿ ಅದೇ ಗಡಿಯಾರ, ಅದೇ ಹೂದಾನಿ, ಅದೇ ಸಕ್ಕರೆ ಡಬ್ಬ ಇಟ್ಟ ಮೇಲೆ ಊರಿಗೆ ಬಂದ ಹಾಗಾಗುತ್ತಿತ್ತು. “ವರ್ಗ ಆಗೋರಿಗೆ ಸಾಮಾನೇ ಊರು, ಅತ್ತಿಗೆ,” ಎಂದರು. ಹೇಳಿದ ಮೇಲೆ, ಹಾಗಿದ್ದರೆ ಈ ಸಲ ಹದಿನೈದು ದಿನವಾದರೂ ತಾನು ಊರು ಕಳೆದುಕೊಂಡವಳ ಹಾಗೆ ಏಕಿಲ್ಲ ಎಂದು ಯೋಚಿಸಿದರು. ಗಡಿಯಾರವನ್ನು ಮಾತ್ರ ಪಟ್ಟಿಗೆ ಸೇರಿಸಿದರು. ಸಮಯ ಎಲ್ಲರ ಫೋನಿನಲ್ಲೂ ಇತ್ತು. ಆದರೆ ಅವರು ದಿನಾ ಗೋಡೆ ನೋಡುತ್ತಿದ್ದರು.

ನಾಲ್ಕನೇ ಭಾನುವಾರದ ಹಿಂದಿನ ದಿನ ತಾಯಿ ಮಗಳು ಮಣಿನಗರದಲ್ಲಿ ಇಳಿದರು. ಚೀಲದಲ್ಲಿ ಮೂರು ಸ್ಟೀಲ್ ಡಬ್ಬಿ. ಅಷ್ಟರಲ್ಲಿ ಅವುಗಳಲ್ಲಿ ಅವಲಕ್ಕಿ, ಬೇಳೆ, ರವೆ ಸೇರಿಕೊಂಡಿದ್ದರಿಂದ ಬೆಳಿಗ್ಗೆ ಖಾಲಿ ಮಾಡಿ ತೊಳೆಯಬೇಕಾಗಿತ್ತು. ಮೇದಿನಿಯ ಕೈಯಲ್ಲಿ ಪಟ್ಟಿ. ಹನ್ನೊಂದು ಹೆಸರು.

ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಂಗುಬೆನ್‌ಳ ತಗಡಿನ ಶೆಡ್ಡು. ಹದಿನಾಲ್ಕು ಬಾಕ್ಸು ಗೋಡೆಗೆ ಸಾಲಾಗಿದ್ದವು. ಸುಲೋಚನಾರನ್ನು ಕಂಡ ಮಂಗುಬೆನ್ ಕೈಹಿಡಿದು ಕೆನ್ನೆ ಮುಟ್ಟಿ ನೋಡಿದಳು. ಮೇದಿನಿ ಫೋನಿನಲ್ಲಿ ಹೇಳಿದ್ದನ್ನು ನಂಬದೆ, ಸತ್ತವರು ಯಾರೆಂದು ಇಷ್ಟು ದಿನ ಊಹಿಸುತ್ತಿದ್ದಳಂತೆ. ತಾನು ಇವರನ್ನೇ ಎಂದುಕೊಂಡಿದ್ದೆ ಎಂದಳು. ಮೇದಿನಿ ಇದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಸುಲೋಚನಾಗೆ ಅರ್ಥವಾಗಿತ್ತು.

ಬಾಕ್ಸುಗಳ ಕಡೆ ಒಮ್ಮೆ ನೋಡಿದ ಕೂಡಲೇ ಅವರಿಗೆ ಗೊತ್ತಾದದ್ದು ಇನ್ನೊಂದು. ತೆರೆದರೆ ಎಲ್ಲವೂ ಬೇಕೆನ್ನಿಸುತ್ತದೆ. ಒಂದು ಬುಟ್ಟಿ ಬೋರಲು ಹಾಕಿ, ಬಾಕ್ಸುಗಳಿಗೆ ಬೆನ್ನು ಮಾಡಿ ಕೂತರು.

“ನೀನು ಓದು. ಅವಳು ತೆಗೀಲಿ. ನಾನು ನೋಡಲ್ಲ.”

ಚೀಟಿಯ ಅವಾಂತರದ ನಂತರ ಮೇದಿನಿ ದಿನಕ್ಕೆ ಐದೈದು ಅಕ್ಷರ ಕಲಿತಿದ್ದಳು. “ಮಿ... ಕ್ಸ... ಮಿಕ್ಸರ್! ಕು... ಕ್ಕರ್. ಕ... ಪ್ಪು.” ಒಂದೊಂದನ್ನೂ ಗುಜರಾತಿಯಲ್ಲಿ ಹೇಳುತ್ತಿದ್ದಳು. ಹಿಂದಿನಿಂದ ಕಾಗದ ಸರಿದಾಡುವ ಸದ್ದು. ಸಾಮಾನು ಒಂದೊಂದೇ ಸುಲೋಚನಾರ ಪಕ್ಕಕ್ಕೆ ಬಂತು.

“ಕಾಯಿ... ತುರಿಯೋ... ಮಣೆ. ಅಮ್ಮಾ, ಇದು ರಾಜಕೋಟಲ್ಲೇ ಕಳೆದುಹೋಗಿತ್ತಲ್ಲ?”

ಹೌದು. ಐದು ವರ್ಷದ ಹಿಂದೆ. ಆಮೇಲೆ ಮಿಕ್ಸರಿನಲ್ಲೇ ಕಾಯಿ ತುರಿದದ್ದರಿಂದ ಮಣೆಯ ನೆನಪೇ ಆಗಿರಲಿಲ್ಲ. ಮಿಕ್ಸರು ಹೋದಾಗ ಮಣೆ ಹುಡುಕಿದ್ದರು. ಮೂರು ವಾರ ಅವರು ಕೊರಗಿದ್ದು ತಮ್ಮ ಹತ್ತಿರ ಇಲ್ಲದೇ ಇದ್ದ ಸಾಮಾನಿಗೆ.

“ಅರೆ ವಾಹ್!” ಎಂದಳು ಹಿಂದಿನಿಂದ ಮಂಗುಬೆನ್. ಸುಲೋಚನಾ ತಿರುಗಿಬಿಟ್ಟರು.

ನೀಲಿ ಗಾಜಿನ ಬಟ್ಟಲು, ಆರರ ಸೆಟ್ಟು. ರಾಜಕೋಟಿನ ಆಫೀಸಿನವರು ಬೀಳ್ಕೊಡುವಾಗ ಕೊಟ್ಟದ್ದು. ಒಡೆದೀತೆಂದು ಒಂದು ದಿನವೂ ಬಳಸಿರಲಿಲ್ಲ. ಶೆಡ್ಡಿನ ಬಾಗಿಲ ಬೆಳಕಿನಲ್ಲಿ ಮಂಗುಬೆನ್‌ಳ ಕೈಯೆಲ್ಲ ನೀಲಿಯಾಗಿತ್ತು. ಇಷ್ಟು ಚೆಂದದ್ದು ತನ್ನಲ್ಲಿದೆಯೆಂದು ಸುಲೋಚನಾಗೆ ಗೊತ್ತಾದದ್ದು ಈಗ.

“ಅದೂ...” ಎಂದರು.

“ಲಿಸ್ಟಲ್ಲಿ ಇಲ್ಲ,” ಎಂದಳು ಮೇದಿನಿ.

“ಒಂದೇ ಒಂದು ಬಟ್ಟಲು.”

ಮೇದಿನಿ ಕೇಳಿದಳು. ಮಂಗುಬೆನ್ ತಲೆಯಾಡಿಸಿದಳು. ಆರೂ ತಗೊಂಡು ಹೋಗಲಿ, ಸಂತೋಷ. ಐದು ಬಟ್ಟಲನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಸುಲೋಚನಾ ಬಟ್ಟಲನ್ನೂ ಮಗಳನ್ನೂ ನೋಡಿದರು. ಮೇದಿನಿ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು. ಅವರು ಬುಟ್ಟಿಯ ಮೇಲೆ ಮತ್ತೆ ಬೆನ್ನು ತಿರುಗಿಸಿ ಕೂತರು.

“ಮುಂದಿನದು ಓದು.”

“ಗ... ಡಿ... ಯಾರ.”

ಹತ್ತು ಸಾಮಾನು ಸಿಕ್ಕವು. ಎರಡು ಚೀಲಕ್ಕೆ ಸರಿಹೋಯಿತು. ಸುಲೋಚನಾ ಮೂರು ಡಬ್ಬಿಯನ್ನು ಹಿಂದಕ್ಕೆ ಕೊಡಲು ಹೋದರೆ ಮಂಗುಬೆನ್ ಮುಟ್ಟಲಿಲ್ಲ. ಬಾಕ್ಸುಗಳು ತನಗೇ ಉಳಿದ ಮೇಲೆ ಡಬ್ಬಿ ಅವರದ್ದು. ಅಷ್ಟೇ ಅಲ್ಲ, ಇಷ್ಟು ಸಾಮಾನಿಗೆ ಮೂರು ಡಬ್ಬಿ ಕಡಿಮೆ. ಬಾಕ್ಸು ತೆರೆದ ಮೇಲೆ ಅದು ಗೊತ್ತಾದರೂ, ಸಾವಿನ ಮನೆ ಎಂದು ಆ ಮಾತು ಎತ್ತಿರಲಿಲ್ಲ. ಬದುಕಿರುವವರ ಜೊತೆ ನ್ಯಾಯವಾಗಿಯೇ ವ್ಯಾಪಾರ ಮಾಡಬೇಕು. ಇನ್ನೆಷ್ಟು ಬೇಕು, ಹೇಳಲಿ.

“ಅಯ್ಯೋ, ಬೇಡಪ್ಪಾ!” ಎಂದರು ಸುಲೋಚನಾ, ಎರಡೂ ಕೈ ಎತ್ತಿ.

ಮಂಗುಬೆನ್‌ಳ ಮುಖ ಅರಳಿತು. “ಬೇ ಡಬ್ಬಾ? ಲೋ ಬೆನ್!” ಎಂದು, ತಗೊಳ್ಳಿ ಅಕ್ಕ ಎನ್ನುವ ಹಾಗೆ, ಬುಟ್ಟಿಯಿಂದ ಎರಡು ದೊಡ್ಡ ಡಬ್ಬಿ ತೆಗೆದು ಅವರ ಎತ್ತಿದ ಕೈಗೇ ಇಟ್ಟಳು.

ಮೇದಿನಿ ನಕ್ಕು ನಕ್ಕು ಬಾಕ್ಸಿನ ಮೇಲೆ ಕುಸಿದು ಕೂತಳು. ಅಮ್ಮನ ‘ಬೇಡಪ್ಪಾ’ ಗುಜರಾತಿಯ ಕಿವಿಗೆ ‘ಬೇ ಡಬ್ಬಾ’, ಅಂದರೆ ಎರಡು ಡಬ್ಬಿ, ಆಯಿತೆಂದು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಂಗುಬೆನ್ ಬಾಕ್ಸುಗಳಿಗೆ ಹಗ್ಗ ಬಿಗಿಯುತ್ತಿದ್ದಳು, ವ್ಯಾಪಾರ ಮುಗಿದಿತ್ತು.

ವಾಪಸಾಗುವ ರೈಲಿನಲ್ಲಿ ಸುಲೋಚನಾರ ಮಡಿಲಲ್ಲಿ ಗಡಿಯಾರ, ಕಾಲ ಬಳಿ ಐದು ಖಾಲಿ ಡಬ್ಬಿ. ನಡಿಯಾದ್ ದಾಟುವ ತನಕ ಕಣ್ಣಿನಿಂದ ನೀಲಿ ಹೋಗಲಿಲ್ಲ.

“ಗುಜರಾತಿಯಲ್ಲಿ ‘ಬೇಡ’ ಅನ್ನೋಕೆ ಏನಂತಾರೆ?” ಎಂದು ಕೇಳಿದರು.

“ನಥಿ ಜೋಯಿತು. ಇಷ್ಟು ವರ್ಷ ಇದ್ದೂ ಗೊತ್ತಿಲ್ವಾ ನಿನಗೆ?”

‘ಬೇಕು’ ಎನ್ನುವ ‘ಜೋಯಿಯೇ’ ಗೊತ್ತಿತ್ತು. ಗುಜರಾತಿಗೆ ಬಂದ ಮೊದಲ ವಾರದಲ್ಲೇ ಅಂಗಡಿಯಲ್ಲಿ ಕಲಿತದ್ದು: ಹಾಲು ಬೇಕು, ಹಿಟ್ಟು ಬೇಕು, ಅದು ಬೇಕು. ‘ಬೇಡ’ ಎನ್ನುವ ಪ್ರಸಂಗ ಬಂದಿರಲಿಲ್ಲವೋ, ಬಂದಾಗ ಸುಮ್ಮನೆ ತೆಗೆದುಕೊಂಡಿದ್ದರೋ, ಅವರಿಗೇ ಹೊಳೆಯಲಿಲ್ಲ. ನಥಿ ಜೋಯಿತು, ನಥಿ ಜೋಯಿತು ಎಂದು ಎರಡು ಸಲ ಬಾಯಲ್ಲೇ ಹೇಳಿಕೊಂಡರು.

ಆಣಂದದಲ್ಲಿ ಉಪ್ಪುಶೇಂಗಾ ಮಾರುವವನು ಹತ್ತಿದ. ಬುಟ್ಟಿಯಿಂದ ಬಿಸಿ ಹುರಿದ ವಾಸನೆ ಬರುತ್ತಿತ್ತು. ಅವನು ಇವರ ಮುಂದೆ ನಿಂತು ಪೊಟ್ಟಣ ಚಾಚಿದ.

“ನಥಿ ಜೋಯಿತು,” ಎಂದರು ಸುಲೋಚನಾ, ಸ್ಪಷ್ಟವಾಗಿ.

ಅವನು ತಲೆಯಾಡಿಸಿ ಮುಂದಿನ ಬೋಗಿಗೆ ಹೋದ. ಅಷ್ಟು ಸುಲಭ ಎಂದು ಅವರು ಎಣಿಸಿರಲಿಲ್ಲ. ಹೋದ ದಾರಿಯನ್ನೇ ನೋಡುತ್ತ ಕೂತರು.

“ಅಮ್ಮಾ, ಶೇಂಗಾ ನಿನಗಿಷ್ಟ ಅಲ್ವಾ?”

“ಇಷ್ಟವೇ,” ಎಂದರು ಸುಲೋಚನಾ. “ಬೇಕಿತ್ತು. ಓಡು, ಕರಿ ಅವನನ್ನ.”