ಕೋಳಿ ಟೋಪಿಯ ಡಾಕ್ಟರು

ಫೆಬ್ರವರಿಯ ಕೊನೆಯ ಗುರುವಾರ, ಬೆಳಗಿನ ಏಳು ಗಂಟೆ. ಅಬರ್‌ಗ್ವಿಲಾನ್ ಆಸ್ಪತ್ರೆಯ ಮೂಳೆ ವಾರ್ಡಿನ ಕಿಟಕಿಯಾಚೆ ಸಮುದ್ರಕ್ಕೆ ಈಗಷ್ಟೇ ಬೆಳಕು ಹತ್ತುತ್ತಿದೆ. ಎಪ್ಪತ್ನಾಲ್ಕು ವರ್ಷದ ಕುರಿ ರೈತ ಗ್ವಿಲಿಮ್ ಪ್ಯಾರಿ, ಹಿಂದುಗಡೆ ತೆರೆದುಕೊಳ್ಳುವ ಆಸ್ಪತ್ರೆಯ ನಿಲುವಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಾರೆ. ಇವತ್ತು ಅವರ ಬಲಮಂಡಿಗೆ ಶಸ್ತ್ರಚಿಕಿತ್ಸೆ. ಆಗ ಕೋಳಿಗಳ ಚಿತ್ರವಿರುವ ಬಟ್ಟೆಯ ಟೋಪಿ ಹಾಕಿಕೊಂಡ ಒಬ್ಬ ಹೆಂಗಸು ಬಂದು, ನಿಂತು ಮಾತಾಡದೆ, ಅವರ ಕಣ್ಣಿನ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ.

"ಮೋಟ್ ಹೇಗಿದ್ದಾನೆ, ಗ್ವಿಲಿಮ್?"

ಮುದುಕರ ಮುಖ ಸಡಿಲವಾಗುತ್ತದೆ. "ಹೋಗ್ಬಿಟ್ಟ ಡಾಕ್ಟ್ರೇ, ಹೋದ ವರ್ಷ ಚಳೀಲಿ. ಈಗ ಅವನ ಮಗಳು ಫ್ಲೈ ಇದ್ದಾಳೆ. ಅಪ್ಪನ ಬುದ್ಧಿ ಒಂದು ಕಾಳೂ ಬಂದಿಲ್ಲ."

ಮೋಟ್ ಅವರ ಹಳೆಯ ಕುರಿನಾಯಿ. ಡಾಕ್ಟರ್ ಮೈನೀರ್ ಪ್ರೋಬರ್ಟ್ ಆ ಹೆಸರು ಕೇಳಿದ್ದು ಮೂರು ವರ್ಷದ ಹಿಂದೆ, ಒಂದೇ ಒಂದು ಸಲ. ವರ್ಷಕ್ಕೆ ಏಳುನೂರೈವತ್ತು ಜನರಿಗೆ ಅರಿವಳಿಕೆ ಕೊಡುವವರು ಒಬ್ಬ ರೈತನ ನಾಯಿಯ ಹೆಸರನ್ನು ಎಲ್ಲಿ ಇಟ್ಟುಕೊಂಡಿರುತ್ತಾರೆ ಎಂಬುದು ಈ ಆಸ್ಪತ್ರೆಯಲ್ಲಿ ಯಾರಿಗೂ ಬಗೆಹರಿದಿಲ್ಲ. ಕೇಳಿದರೆ ಅವರು ಭುಜ ಕುಣಿಸಿ ಮುಂದಿನ ಮಂಚಕ್ಕೆ ಹೋಗುತ್ತಾರೆ.

ಎಂಟೂವರೆಗೆ ಆಪರೇಷನ್ ಕೋಣೆಗೆ ಹೊಂದಿಕೊಂಡ ಸಣ್ಣ ಕೋಣೆ. ಕಾಲು ಮರಗಟ್ಟಿಸುವ ಸೂಜಿ ಮೈನೀರ್ ಕೈಯಲ್ಲಿದೆ. "ನಿಲ್ಲಿ" ಎನ್ನುತ್ತಾರೆ. ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ನಿಲ್ಲುತ್ತಾರೆ. ಹೊದಿಕೆ ಪೂರ್ತಿ ಸರಿಸಿ, ಕಾಲಿನ ಮೇಲೆ ಬರೆದ ಬಾಣದ ಗುರುತು ನೋಡಿ, ಕಾಗದ ನೋಡಿ, ಕೊನೆಗೆ ರೋಗಿಯನ್ನೇ ಕೇಳುತ್ತಾರೆ: ಯಾವ ಕಾಲು, ನೀವೇ ಮುಟ್ಟಿ ತೋರಿಸಿ. ಗ್ವಿಲಿಮ್ ಬಲಮಂಡಿಯ ಮೇಲೆ ಬೆರಳಿಟ್ಟು ಹೇಳುತ್ತಾರೆ: "ಈ ಕಾಲಿಗೆ ಆವತ್ತೇ ಮುಂಗಡ ಕೊಟ್ಟಿದ್ದೀರಲ್ಲ. ಇವತ್ತು ಅರ್ಧ ಹಾಕಿದ್ರೂ ಸಾಕು."

ನರ್ಸು ನಗು ತಡೆಯಲು ಗೋಡೆ ಕಡೆ ತಿರುಗುತ್ತಾಳೆ. ಮೈನೀರ್ ಮಾತ್ರ ನಗುವುದಿಲ್ಲ. ಆ ನಗೆಮಾತಿನ ಹಿಂದೆ ಏನಿದೆಯೆಂದು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅದಕ್ಕೆ ಸ್ವಲ್ಪ ತಾಳಬೇಕು.

ಮೈನೀರ್‌ಗೆ ಐವತ್ತಾರು. ಇಲ್ಲಿ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಅವರು ಕನ್ಸಲ್ಟೆಂಟ್ ಎನ್ನುವ ಮೇಲಿನ ದರ್ಜೆಯ ವೈದ್ಯೆ ಅಲ್ಲ, ಕಲಿಯುತ್ತಿರುವ ಕಿರಿಯ ವೈದ್ಯೆಯೂ ಅಲ್ಲ. ಏಣಿಯ ಮೇಲಿನ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿಗೂ ನಡುವೆ, ಏಣಿಯನ್ನು ಹಿಡಿದು ನಿಂತಿರುವ ವೈದ್ಯರು ಪ್ರತಿ ಆಸ್ಪತ್ರೆಯಲ್ಲೂ ಇದ್ದಾರೆ. ಇಲ್ಲಿ ಇಪ್ಪತ್ತೊಂದು ಮಂದಿ. ಕಾರಿಡಾರಿನ ಫಲಕದಲ್ಲಿ ಕನ್ಸಲ್ಟೆಂಟರ ಫೋಟೊ ಮತ್ತು ಹೆಸರುಗಳಿವೆ. ಕೆಳಗೆ ಒಂದು ಸಾಲು: ಮತ್ತು ಇತರ ವೈದ್ಯರು. ಮೈನೀರ್ ಮಾಡಿದ ಕೆಲಸದ ಕಾಗದಗಳೂ ಇನ್ನೊಬ್ಬರ ಹೆಸರಿನಲ್ಲೇ ಮನೆಗಳಿಗೆ ಹೋಗುತ್ತವೆ.

ಯಾಕೆ ಮೇಲೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಅವರಲ್ಲಿ ಕಣ್ಣೀರಿನ ಕಥೆಯಿಲ್ಲ. "ಕೊನೇ ಪರೀಕ್ಷೇಲಿ ಎರಡು ಸಲ ಫೇಲಾದೆ. ಮೂರನೇ ಸಲ ಕೂರೋಕೆ ಮನಸ್ಸಾಗ್ಲಿಲ್ಲ. ಕೆಲಸ ಇಷ್ಟ ಇತ್ತು, ಪರೀಕ್ಷೆ ಇರ್ಲಿಲ್ಲ. ಅಷ್ಟೇ." ಅವರ ಕೈಕೆಳಗೆ ಮೊದಲ ಸಲ ಸೂಜಿ ಹಿಡಿದವರಲ್ಲಿ ಹನ್ನೊಂದು ಮಂದಿ ಈಗ ಕನ್ಸಲ್ಟೆಂಟರು. ಅವರಲ್ಲಿ ಇಬ್ಬರ ಫೋಟೊ ಅದೇ ಫಲಕದಲ್ಲಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಫಲಕಕ್ಕೆ ಬೇಡವಾದರೂ ಪರವಾನಗಿಯ ಲೆಕ್ಕದಲ್ಲಿ ಮಾತ್ರ ಎಲ್ಲರೂ ಒಂದೇ. ಇಲ್ಲಿ ವೈದ್ಯರಾದವರೆಲ್ಲ ಐದು ವರ್ಷಕ್ಕೊಮ್ಮೆ ತಾವು ಇನ್ನೂ ಈ ಕೆಲಸಕ್ಕೆ ಯೋಗ್ಯರೆಂದು ತೋರಿಸಿಕೊಡಬೇಕು. ಅದಕ್ಕೆ ಮರುಮಾನ್ಯತೆ ಎನ್ನುತ್ತಾರೆ. ವರ್ಷವರ್ಷವೂ ಒಬ್ಬ ಹಿರಿಯರ ಎದುರು ಕಡತ ಬಿಚ್ಚಿ ಕೂರಬೇಕು: ಏನು ಕಲಿತೆ, ಎಲ್ಲಿ ತಪ್ಪಿದೆ, ತಪ್ಪಿದ ಮೇಲೆ ಏನು ಬದಲಾಯಿಸಿಕೊಂಡೆ. ಐದು ವರ್ಷದಲ್ಲಿ ಒಂದು ಸಲ ಸಹೋದ್ಯೋಗಿಗಳೂ ರೋಗಿಗಳೂ ಅವರ ಬಗ್ಗೆ ಚೀಟಿ ಬರೆದುಕೊಡಬೇಕು. ಈ ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಮೂವತ್ತಕ್ಕೆ ಕಡಿಮೆಯಾದರೆ ಮಾನ್ಯತೆ ಮುಂದಕ್ಕೆ ಹೋಗುತ್ತದೆ.

ಮಂಡಿ ಡಾಕ್ಟರಿಗೆ, ಮಕ್ಕಳ ಡಾಕ್ಟರಿಗೆ ಇದು ಸುಲಭ. ಆದರೆ ಮಲಗಿಸುವ ಡಾಕ್ಟರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕಳೆದ ಸಲ ಮೈನೀರ್ ಮಾಡಿದ ತಪ್ಪನ್ನು ಅರಿವಳಿಕೆಯವರೇ ಮಾಡಬೇಕು, ಇನ್ನೊಬ್ಬರಿಂದ ಆಗದು. ರೋಗಿ ಎಚ್ಚರವಾದ ಅರ್ಧ ಗಂಟೆಗೇ ಚೀಟಿ ಹಂಚುವ ಏರ್ಪಾಡು ಮಾಡಿದ್ದರು. ಔಷಧಿಯ ಮಂಪರಿನಲ್ಲಿ ಜನ ಮನಸಾರೆ ಬರೆದುಕೊಟ್ಟರು. ಕಚೇರಿಯವರು ತೆರೆದು ನೋಡಿದರೆ ಒಂಬತ್ತು ಮಂದಿ ಚಹಾ ತಂದುಕೊಟ್ಟ ಹೆಂಗಸನ್ನು ಹೊಗಳಿದ್ದರು, ನಾಲ್ವರು ಶಸ್ತ್ರಚಿಕಿತ್ಸಕರನ್ನು. ಒಬ್ಬರು ತೀರಿಹೋದ ತಮ್ಮ ಚಿಕ್ಕಮ್ಮನಿಗೆ ಕಾಗದ ಬರೆದಿದ್ದರು. ಮಾನ್ಯತೆ ಎಂಟು ತಿಂಗಳು ಮುಂದಕ್ಕೆ ಹೋಯಿತು.

ಈ ಸಲ ಮತ್ತೆ ಹಾಗಾದರೆ ಪರವಾನಗಿಯೇನೂ ಕೂಡಲೇ ಹೋಗುವುದಿಲ್ಲ. ಹೋಗುವುದು ಶುಕ್ರವಾರ. ಎರಡು ಸಲ ಮುಂದಕ್ಕೆ ಹೋದವರು ಬೇರೆಯವರ ಕಡತಕ್ಕೆ ದಾರಿ ತೋರಿಸುವಂತಿಲ್ಲ ಎಂಬುದು ಈ ಆಸ್ಪತ್ರೆಯ ನಿಯಮ. ಶುಕ್ರವಾರವಿಲ್ಲದ ಮೈನೀರ್ ಅನ್ನು ಊಹಿಸುವುದು ಕಷ್ಟ.

ಪ್ರತಿ ಶುಕ್ರವಾರ ಮಧ್ಯಾಹ್ನ ಎರಡಕ್ಕೆ, ಹಳೆಯ ಹೊದಿಕೆಗಳನ್ನು ಇಡುತ್ತಿದ್ದ ಕೋಣೆಯಲ್ಲಿ 'ಇತರ ವೈದ್ಯರು' ಸೇರುತ್ತಾರೆ. ಒಂದು ಕೆಟಲ್, ಹನ್ನೊಂದು ಬಗೆಯ ಕಪ್ಪುಗಳು, ಮೈನೀರ್ ಮನೆಯಿಂದ ತಂದ ಬಾರಾ ಬ್ರಿತ್ ಎಂಬ ಒಣದ್ರಾಕ್ಷಿಯ ಬ್ರೆಡ್ಡು. ಖಾರ್ಟೂಮಿನವರು, ಲುಬ್ಲಿನ್‌ನವರು, ಮುಂದಿನ ಕಣಿವೆಯವರು ಎಲ್ಲ ಇದ್ದಾರೆ. ಮಾನ್ಯತೆಯ ಕಡತ ಎಂದರೆ ಏನೆಂದೇ ಗೊತ್ತಿಲ್ಲದೆ ಬಂದವರೇ ಹೆಚ್ಚು; ಕನ್ಸಲ್ಟೆಂಟರಿಗೆ ಹೇಳಿಕೊಡಲು ಇಲಾಖೆಗಳಿವೆ, ಇವರಿಗೆ ಈ ಕೋಣೆಯಿದೆ. ಆರು ವರ್ಷದಲ್ಲಿ ಇಲ್ಲಿ ಕೂತವರ ಪೈಕಿ ಯಾರ ಮಾನ್ಯತೆಯೂ ತಡವಾಗಿಲ್ಲ. ತಡವಾದದ್ದು ಅವರನ್ನು ಕೂರಿಸಿದ ಮೈನೀರ್ ಅವರದೊಂದೇ. ದೀಪದ ಬುಡದಲ್ಲಿ ಕತ್ತಲೆ ಎಂದು ವಾರ್ಡಿನ ಗುಮಾಸ್ತೆ ಡೆಲಿತ್ ಅವರನ್ನು ಹಂಗಿಸದ ದಿನವಿಲ್ಲ.

ಚೀಟಿ ಹಂಚುವವಳೂ ಡೆಲಿತೇ. ವೈದ್ಯರು ತಾವೇ ಹಂಚಬಾರದು, ಬರೆದದ್ದನ್ನು ನೋಡಬಾರದು. ಅಂಟಿಸಿದ ಲಕೋಟೆ ನೇರ ಕಚೇರಿಗೆ ಹೋಗಬೇಕು. ಈ ಸಲ ಡೆಲಿತ್ ಮಂಪರು ಇಳಿಯುವ ತನಕ ಕಾದು, ಮಾರನೇ ಬೆಳಿಗ್ಗೆ ಮೈನೀರ್ ಫೋಟೊ ಹಿಡಿದು ಮಂಚದಿಂದ ಮಂಚಕ್ಕೆ ಹೋಗತೊಡಗಿದಳು. ಯಾರೂ ಗುರುತಿಸಲಿಲ್ಲ. ಒಬ್ಬಜ್ಜಿ, ಇವಳು ಬ್ಯಾಂಕಿನವಳಲ್ಲವೇ ಎಂದರಂತೆ.

"ತಲೆ ಬಾಚ್ಕೊಂಡು ತೆಗೆಸಿದ ಫೋಟೊ ಯಾರಿಗೆ ಬೇಕೇ? ನಿನ್ನ ತಲೆ ಇಲ್ಲಿ ಯಾರು ನೋಡಿದ್ದಾರೆ?" ಎಂದು ಡೆಲಿತ್ ಅವರನ್ನು ಕಾರಿಡಾರಿನಲ್ಲೇ ನಿಲ್ಲಿಸಿ, ಕೋಳಿ ಟೋಪಿಯಲ್ಲಿ ಹೊಸ ಫೋಟೊ ತೆಗೆದಳು. ಆಮೇಲೆ ಎಲ್ಲ ಮಂಚದಿಂದಲೂ ಒಂದೇ ಮಾತು: ಓ, ನಾಯಿ ಹೆಸರು ಕೇಳಿದ ಡಾಕ್ಟ್ರು! ನಾಯಿ ಇಲ್ಲದವರಿಗೆ ಬೆಕ್ಕು, ಬೆಕ್ಕೂ ಇಲ್ಲದವರಿಗೆ ದೋಣಿ. ನಿದ್ದೆಗೆ ಜಾರುವವರು ತಮಗೆ ಇಷ್ಟವಾದ ಹೆಸರೊಂದನ್ನು ಬಾಯಲ್ಲಿಟ್ಟುಕೊಂಡು ಜಾರಲಿ ಎಂಬುದು ಮೈನೀರ್ ಪದ್ಧತಿ.

ಹಾಗೆ ಗುರುವಾರದ ಹೊತ್ತಿಗೆ ಇಪ್ಪತ್ತಾರು ಚೀಟಿಗಳಾಗಿದ್ದವು. ಲಕೋಟೆ ಸೇರಿಸಲು ಕೊನೆಯ ಗಡುವು ಶುಕ್ರವಾರ ಮಧ್ಯಾಹ್ನ ಹನ್ನೆರಡು. ಗುರುವಾರದ ಆಪರೇಷನ್ ಪಟ್ಟಿಯಲ್ಲಿ ಐವರು ರೋಗಿಗಳು. ನಾಲ್ಕು ಚೀಟಿ ಬೇಕು.

ಶುಕ್ರವಾರ ಬೆಳಿಗ್ಗೆ ಐವರಲ್ಲಿ ಒಬ್ಬ ಆಗಲೇ ಕೈಬಿಟ್ಟು ಹೋಗಿದ್ದ. ಅಂಡವಾಯು ಸರಿಮಾಡಿಸಿಕೊಂಡ ಎಳೆಯ ರೈತ, ಕುರಿಗಳು ಮರಿ ಹಾಕುವ ಕಾಲವೆಂದು ಬೆಳಕು ಹರಿಯುವ ಮೊದಲೇ ಮನೆಗೆ ಹೊರಟಿದ್ದ. ಡೆಲಿತ್ ಉಳಿದ ನಾಲ್ವರ ಲಕೋಟೆ ಪಡೆದು ಹನ್ನೊಂದೂ ಮುಕ್ಕಾಲಿಗೆ ಕಚೇರಿಗೆ ಕೊಟ್ಟು ಬಂದಳು. ಒಳಗೆ ಚಹಾದವಳ ಹೊಗಳಿಕೆ ಇದೆಯೋ, ಮೈನೀರ್ ಹೆಸರಿದೆಯೋ ಯಾರಿಗೂ ಗೊತ್ತಿಲ್ಲ.

ಎರಡು ಗಂಟೆಗೆ ಹೊದಿಕೆ ಕೋಣೆ ಎಂದಿನಂತೆ ತುಂಬುತ್ತದೆ. ಡಾಕ್ಟರ್ ಹೈಥಮ್ ಒಸ್ಮಾನ್ ಮೂಲೆಯಲ್ಲಿ ಕೂತಿದ್ದಾರೆ. ಖಾರ್ಟೂಮಿನಲ್ಲಿ ಒಂದು ವಾರ್ಡನ್ನೇ ನಡೆಸಿದವರು, ಇಲ್ಲಿ ಇದು ಅವರ ಮೊದಲ ಮಾನ್ಯತೆ. ಒಬ್ಬ ರೋಗಿಗೆ ಔಷಧಿಯ ಪ್ರಮಾಣ ತಪ್ಪಿ ಬರೆದದ್ದು, ಔಷಧದಂಗಡಿಯವರು ಹಿಡಿದದ್ದು, ಅದನ್ನು ಕಡತದಲ್ಲಿ ಬರೆಯುವುದೋ ಬಿಡುವುದೋ ಎಂದು ಮೂರು ವಾರದಿಂದ ಒದ್ದಾಡುತ್ತಿದ್ದಾರೆ. ಹೊರಗಿನಿಂದ ಬಂದವನು ತನ್ನ ಕೊರಳಿಗೆ ತಾನೇ ಹಗ್ಗ ಕೊಟ್ಟಂತಾಗದೇ ಎಂಬುದು ಅವರ ಭಯ.

ಮೈನೀರ್ ತಮ್ಮ ಕಡತದ ಮೊದಲ ಪುಟ ತೆಗೆದು ಅವರ ಮುಂದಿಡುತ್ತಾರೆ. ಆರು ವರ್ಷ ಈ ಕೋಣೆ ನಡೆಸಿದವರು ಹೀಗೆ ತಮ್ಮ ಪುಟ ತೋರಿಸುವುದು ಇದೇ ಮೊದಲು.

ಅದರಲ್ಲಿರುವುದು ಮೂರು ವರ್ಷದ ಹಿಂದಿನ ಸಂಗತಿ. ಗ್ವಿಲಿಮ್ ಪ್ಯಾರಿಯ ಎಡಮಂಡಿಗೆ ಶಸ್ತ್ರಚಿಕಿತ್ಸೆ. ರೋಗಿಯನ್ನು ಮಗ್ಗುಲಾಗಿಸಿದಾಗ ಹೊದಿಕೆ ಬಾಣದ ಗುರುತನ್ನು ಮುಚ್ಚಿತ್ತು. ಮೈನೀರ್ ಆರೋಗ್ಯವಾಗಿದ್ದ ಬಲಗಾಲಿಗೆ ಸೂಜಿ ಚುಚ್ಚಿದರು. ಸೂಜಿ ಹೊರತೆಗೆದ ಕ್ಷಣದಲ್ಲೇ ತಿಳಿಯಿತು. ಯಾರೂ ನೋಡಿರಲಿಲ್ಲ, ಇನ್ನೊಂದು ಕಾಲಿಗೂ ಚುಚ್ಚಿ ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಗಟ್ಟಿಯಾಗಿ ಹೇಳಿ ಎಲ್ಲವನ್ನೂ ನಿಲ್ಲಿಸಿದರು. ಆ ದಿನದ ಶಸ್ತ್ರಚಿಕಿತ್ಸೆ ನಿಂತಿತು. ಕಾಲಿಗೆ ಸ್ಪರ್ಶ ತಿರುಗಿ ಬರುವ ತನಕ, ಆರು ಗಂಟೆ, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ತಪ್ಪು ನನ್ನದು ಎಂದು ಗ್ವಿಲಿಮ್‌ಗೆ ಮೊದಲು ಹೇಳಿದವರೂ ಅವರೇ. ಅದಕ್ಕೆ ಮುದುಕರು, ಮೋಟ್ ಕೂಡ ಒಂದೊಂದು ಸಲ ಪಕ್ಕದವರ ಕುರಿ ಅಟ್ಟಿಕೊಂಡು ಬರುತ್ತಾನೆ ಎಂದರಂತೆ.

ಮಾರನೇ ವಾರದಿಂದ ಈ ಆಸ್ಪತ್ರೆಯಲ್ಲಿ ಸೂಜಿಗೆ ಮೊದಲು ಎಲ್ಲರೂ ನಿಲ್ಲುವ, ರೋಗಿಯೇ ಮುಟ್ಟಿ ತೋರಿಸುವ ಪದ್ಧತಿ ಬಂತು. ಅದು ಬಂದದ್ದು ಈ ಪುಟದಿಂದ. ಮೂರು ವರ್ಷದಲ್ಲಿ ತಪ್ಪು ಕಾಲಿಗೆ ಒಂದು ಸೂಜಿಯೂ ಬಿದ್ದಿಲ್ಲ. ತನ್ನ ತಪ್ಪನ್ನು ಹೀಗೆ ನೂರಾರು ಜನರ ಕಾವಲಿಗೆ ನಿಲ್ಲಿಸಿದವರ ಮುಂದೆ ಕೈ ತಾನಾಗಿ ಮುಗಿಯುತ್ತದೆ.

ಹೈಥಮ್ ಪುಟವನ್ನು ಎರಡು ಸಲ ಓದುತ್ತಾರೆ. "ಇದನ್ನ ಹಿಂದೆ ಎಲ್ಲಾದ್ರೂ ಇಡಬಹುದಿತ್ತಲ್ಲ, ಡಾಕ್ಟರ್ ಮೈನೀರ್. ಮೊದಲ ಪುಟಾನೇ ಯಾಕೆ?"

"ಇದನ್ನ ಬಿಟ್ಟು ಬರೆದ್ರೆ ಉಳಿದ ಪುಟ ನಾನೇ ನಂಬಲ್ಲ, ಹೈಥಮ್. ಅವರು ಯಾಕೆ ನಂಬ್ತಾರೆ?"

ಹೈಥಮ್ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಕೆಟಲ್ ಇನ್ನೊಂದು ಸಲ ಕುದಿಯುವ ಹೊತ್ತಿಗೆ ಆ ತಪ್ಪು ಅವರ ಕಡತಕ್ಕೆ ಇಳಿದಿರುತ್ತದೆ.

ಎರಡೂವರೆ ವಾರದ ಮೇಲೆ ಕಚೇರಿಯಿಂದ ವರದಿ ಬರುತ್ತದೆ. ಮೈನೀರ್ ಅದನ್ನು ತಾವೇ ತೆರೆಯಲಾರದೆ ಡೆಲಿತ್ ಕೈಗೆ ಕೊಡುತ್ತಾರೆ. ಹದಿನಾಲ್ಕು ಸಾವಿರ ಜನರ ಉಸಿರನ್ನು ಕಾದ ಕೈಯಿಂದ ಅದನ್ನು ತೆಗೆದುಕೊಂಡು ಡೆಲಿತ್ ಗಟ್ಟಿಯಾಗಿ ಓದತೊಡಗುತ್ತಾಳೆ. ಸರಿಯಾದ ಚೀಟಿಗಳು: ಮೂವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೊನೆಗೆ ಜನ ಬರೆದ ಮಾತುಗಳು, ಹೆಸರಿಲ್ಲದೆ. ಹನ್ನೆರಡು ಕಡೆ ಕೋಳಿ ಟೋಪಿ ಬಂದಿದೆ. ಒಬ್ಬರು ಇನ್ನೂ ಚಹಾ ಚೆನ್ನಾಗಿತ್ತು ಎಂದಿದ್ದಾರೆ, ಆದರೆ ಡಾಕ್ಟರೂ ಚೆನ್ನಾಗಿದ್ದರು ಎಂದು ಸೇರಿಸಿದ್ದಾರೆ.

ಮತ್ತೆ ಇದೇ ವೈದ್ಯರ ಕೈಗೆ ನಿಮ್ಮನ್ನು ಒಪ್ಪಿಸುವಿರಾ ಎಂಬ ಪ್ರಶ್ನೆಯ ಕೆಳಗಿನ ಒಂದು ಉತ್ತರವನ್ನು ಡೆಲಿತ್ ಓದಲು ಹೋದವಳು ನಿಲ್ಲಿಸಿ, ಕಾಗದವನ್ನು ಮೈನೀರ್ ಕಡೆಗೇ ತಿರುಗಿಸುತ್ತಾಳೆ. "ಮೂರು ವರ್ಷದ ಹಿಂದೆ ಇವರು ನನ್ನ ತಪ್ಪು ಕಾಲಿಗೆ ಚುಚ್ಚಿದರು. ಅದನ್ನು ನನಗೆ ಹೇಳಿದವರೂ ಇವರೇ. ಈ ಸಲ ಇವರು ಇರುವ ದಿನವೇ ಬೇಕೆಂದು ಏಳು ವಾರ ಕುಂಟಿಕೊಂಡು ಕಾದೆ."

ಮೈನೀರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಆ ಸಾಲುಗಳನ್ನು ಇನ್ನೊಮ್ಮೆ ಓದುತ್ತಾರೆ. ಆಮೇಲೆ ಮತ್ತೆ ಹಾಕಿಕೊಂಡು ಏಳುತ್ತಾರೆ. ಒಂದೂವರೆಗೆ ಮುಂದಿನ ಆಪರೇಷನ್ ಪಟ್ಟಿಯಿದೆ. ಫಲಕದಲ್ಲಿ ಹೆಸರು ಬೇಕೆನಿಸುವುದಿಲ್ಲವೇ ಎಂದು ಕೇಳಿದರೆ ನಡೆಯುತ್ತಲೇ ಹೇಳುತ್ತಾರೆ:

"ನೋವು ಮರೆಸೋಕೆ ಹೋದ್ರೆ ಜೊತೇಲಿ ನನ್ನನ್ನೂ ಮರೀತಾರೆ. ಅದಕ್ಕೇನು ಮಾಡೋಕಾಗತ್ತೆ? ಐದು ವರ್ಷಕ್ಕೊಂದು ಸಲ ಮೂವತ್ತು ಜನ ನೆನಪಿಟ್ಕೊಂಡ್ರೆ ನನಗೆ ಸಾಕು."