ಪಕೀರಮ್ಮನ ಮಾಚಿಪತ್ರಿ ಕಷಾಯ

ಹಿಟ್ನಾಳದ ಆಚೆಗಿನ ಒಂದು ಊರಿನ ಸಾಲಿಯಲ್ಲಿ ಪಕೀರಮ್ಮ ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದಳು. ಮುಟ್ಟಿನ ಹೊಟ್ಟೆನೋವಿಗೆ ಹಿತ್ತಲಿನ ಮಾಚಿಪತ್ರಿ ಸೊಪ್ಪು ಕುದಿಸಿ ಕುಡಿಯುವುದು ಅವಳಿಗೆ ತಾಯಿಯಿಂದ ಬಂದ ರೂಢಿ. ಕಹಿಯೆಂದರೆ ಅಷ್ಟಿಷ್ಟು ಕಹಿಯಲ್ಲ.

2009ರಲ್ಲಿ ಸಾಲಿ ಸುರುವಾದಾಗ ಬಂದ ಅಕ್ಕಿಯಲ್ಲಿ ಹುಳ ಹರಿದಾಡುತ್ತಿದ್ದವು. ಕೇರಿದಳು, ತೊಳೆದಳು, ನಾತ ಹೋಗಲಿಲ್ಲ. ಸಾಲಿ ಸಮಿತಿಯ ಅಧ್ಯಕ್ಷ ಮುದಿಯಪ್ಪನಿಗೆ ನೇರ ಹೇಳಿದಳು: "ಇದನ್ನ ನಾ ಬೇಯ್ಸಂಗಿಲ್ರಿ. ನಿಮ್ಮ ಎಮ್ಮಿಗೆ ಹಾಕ್ರಿ."

ಮರುದಿನವೇ ಅವಳನ್ನು ಕೆಲಸದಿಂದ ಬಿಡಿಸಿದರು. ಮುದಿಯಪ್ಪ ಹೋಟೆಲಿನ ಮುಂದೆ ಕೂತು ಹೇಳಿದ: "ಮಾಚಿಪತ್ರಿ ಕುಡಿದು ಕುಡಿದು ಆಕಿ ತಲಿಗೆ ಏರೈತಿ. ಹುಳ ಇಲ್ಲದಲ್ಲಿ ಹುಳ ಕಾಣಾಕತ್ಯಾವ. ಹಂಥಾಕಿ ಕೈಯಾಗ ಮಕ್ಕಳ ಊಟ ಕೊಡ್ಬೇಕಾ?"

ಊರು ನಂಬಿತು. ನೀರಿಗೆ ಹೋದರೆ ಹೆಂಗಸರು ಸರಿದು ನಿಂತರು. ಅವಳು ದನಿ ಏರಿಸಿದಷ್ಟೂ "ನೋಡು, ಏರ್ತು" ಎಂದರು. ಸಿಟ್ಟೇ ಹುಚ್ಚಿಗೆ ಸಾಕ್ಷಿಯಾಯಿತು.

ಗ್ರಾಮಸಭೆಯ ದಿನ ಪಕೀರಮ್ಮ ಕಷಾಯದ ಚೊಂಬು ಹಿಡಿದು ಬಂದಳು. ಎಲ್ಲರೆದುರು ಗಟಗಟ ಕುಡಿದು ನೆಲಕ್ಕೆ ಕೂತಳು. ಚರಂಡಿ, ಬೀದಿದೀಪದ ಮಾತೆಲ್ಲ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ಆಮೇಲೆ ಎದ್ದಳು.

"ಹುಚ್ಚು ಹಿಡೀತೇನ್ರಿ ನನಗ? ಈಗ ಹೇಳ್ರಿ."

ಅವಳ ಜೊತೆ ಅಡಿಗೆ ಮಾಡುತ್ತಿದ್ದ ಅಬೇದಾಬಿ ಎದ್ದು ನಿಂತಳು. "ನಾನೂ ಇದನ್ನ ಕುಡೀತೀನ್ರಿ, ವರ್ಷಾನುಗಟ್ಲೆ. ಹುಳ ನನಗೂ ಕಂಡಾವ." ಸೆರಗಿನಲ್ಲಿ ಕಟ್ಟಿ ತಂದಿದ್ದ ಅಕ್ಕಿಯನ್ನು ಮುದಿಯಪ್ಪ ಕೂತಿದ್ದ ಮೇಜಿನ ಮೇಲೆ ಸುರಿದಳು. ಹುಳಗಳು ಮುದಿಯಪ್ಪನ ಕೈ ಕಡೆಗೇ ಹರಿದವು. ಅವನು ಕೈ ಹಿಂದಕ್ಕೆಳೆದ.

ವಾರದೊಳಗೆ ಬೇರೆ ಅಕ್ಕಿ ಬಂತು. ಮುದಿಯಪ್ಪ ಮನೆಗೇ ಬಂದು, "ನಾಳಿಂದ ಕೆಲಸಕ್ಕ ಬಾರವ್ವ" ಎಂದ.

"ಹುಚ್ಚಿ ಅಂತ ಊರ ಮುಂದ ಹೇಳೀರಿ. ಅಲ್ಲ ಅಂತನೂ ಊರ ಮುಂದನ ಹೇಳ್ರಿ."

ಅವನು ಒಪ್ಪಲಿಲ್ಲ. ಅವಳು ಭತ್ತದ ನಾಟಿಗೆ ಹೋದಳು, ಸಾಲಿಯ ಕಡೆ ತಿರುಗಿಯೂ ನೋಡಲಿಲ್ಲ. ಅಬೇದಾಬಿ ಒಬ್ಬಳೇ ಅಡಿಗೆ ಮಾಡಿ ಸೋತಳು, ಊಟ ಹೊತ್ತಿಗೆ ಸರಿಯಾಗಿ ಆಗುತ್ತಿಲ್ಲವೆಂದು ತಾಯಂದಿರು ದಿನಾ ಗದ್ದಲ ಎಬ್ಬಿಸಿದರು. ಕಡೆಗೆ ಆಗಸ್ಟ್ ಹದಿನೈದರಂದು, ಧ್ವಜ ಏರಿಸಿದ ಮೇಲೆ, ಮುದಿಯಪ್ಪ ನೆಲ ನೋಡುತ್ತ ಗೊಣಗಿದ: "ಪಕೀರಮ್ಮನ ತಲಿ ಛಲೋ ಐತಿ. ನಾ ಸುಳ್ಳು ಹೇಳಿದ್ದೆ."

"ಹಿಂದಿನವರಿಗೆ ಕೇಳ್ಸಿಲ್ರಿ," ಎಂದಳು ಪಕೀರಮ್ಮ.

ಅವನು ಇನ್ನೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ. ಮರುದಿನ ಅವಳು ಸಾಲಿಯ ಒಲೆ ಹಚ್ಚಿದಳು. ಮುದಿಯಪ್ಪನನ್ನು ಮಾತ್ರ ಇವತ್ತಿಗೂ ಮಾತಾಡಿಸಿಲ್ಲ.